*99# ಒತ್ತಿದರೆ ನೆಟ್ ಓಡುತ್ತದೆಯೇ? ಒಂದು ಹಳೆಯ ಡಯಲ್-ಅಪ್ ನಂಬರಿನ ಜಾಡು ಹಿಡಿದು

ಚಿಂಚೋಳಿ ಕಡೆಯ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಸಂದೇಶ ಕಳಿಸಿ, ಅದರ ಕೆಳಗೆ ಒಂದೇ ಸಾಲು ಬರೆದಿದ್ದರು: ‘ಇದು ಖರೇ ಏನ್ರಿ? ಟವರ್ ಫುಲ್ ಅದ, ನೆಟ್ ಮಾತ್ರ ಬರವಲ್ದು.’ ಸಂದೇಶದ ತಿರುಳು ಇಷ್ಟು. ನೆಟ್ ನಿಂತರೆ ಫೋನಿನಲ್ಲಿ *99# ಒತ್ತಿ ಕರೆ ಮಾಡಿ, ವೇಗ ದುಪ್ಪಟ್ಟಾಗುತ್ತದೆ. ಇದು ಕಂಪ್ಯೂಟರ್ ಎಂಜಿನಿಯರುಗಳು ಮುಚ್ಚಿಟ್ಟ ಗುಟ್ಟು. ಅದರಿಂದಲೂ ಆಗದಿದ್ದರೆ ಕೆಳಗಿನ ನಂಬರಿಗೆ ಫೋನ್ ಮಾಡಿ, ‘ಸರ್ವಿಸ್‌ನವರು’ ಇನ್ನೊಂದು ಕೋಡ್ ಹೇಳುತ್ತಾರೆ. ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. *99# ಒತ್ತಿದರೆ ನೆಟ್ ವೇಗ ಹೆಚ್ಚುವುದಿಲ್ಲ. ಆದರೆ ಅದರಿಂದ ತೊಂದರೆಯೂ ಇಲ್ಲ. ಸಂದೇಶದ ಕೊನೆಯಲ್ಲಿರುವ ನಂಬರಿಗೆ ಕರೆ ಮಾಡಿ ಅವರು ಹೇಳಿದ ಕೋಡ್ ಒತ್ತಿದರೆ ಮಾತ್ರ ನಿಮಗೆ ಬರುವ ಕರೆಗಳೆಲ್ಲ ಇನ್ನೊಬ್ಬರ ಫೋನಿಗೆ ಹೋಗಬಹುದು, ಅದರ ಬೆನ್ನಿಗೇ ದುಡ್ಡೂ ಹೋಗಬಹುದು.

ನಮ್ಮ ಕುತೂಹಲ ಕೆರಳಿಸಿದ್ದು ನಡುವಿನ ಆ ‘ಎಂಜಿನಿಯರುಗಳ ಗುಟ್ಟು’ ಎಂಬ ಮಾತು. ಫಾರ್ವರ್ಡ್‌ಗಳು ಪೂರಾ ಗಾಳಿಯಿಂದ ಹುಟ್ಟುವುದು ಕಡಿಮೆ. ಎಲ್ಲೋ ಒಂದು ನಿಜದ ಚೂರು ಇರುತ್ತದೆ, ಅದರ ಸುತ್ತ ಹುತ್ತ ಬೆಳೆದಿರುತ್ತದೆ. ಇಲ್ಲಿಯೂ ಹಾಗೆಯೇ. *99# ಎಂಬುದು ಒಂದು ಕಾಲಕ್ಕೆ ನಿಜವಾಗಿಯೂ ಇಂಟರ್ನೆಟ್‌ನ ಫೋನ್ ನಂಬರ್ ಆಗಿತ್ತು. ಅದನ್ನು ಕೈಯಾರೆ ಟೈಪ್ ಮಾಡಿ ಗೊತ್ತಿದ್ದವರು ಹೆಚ್ಚಾಗಿ ಲಿನಕ್ಸ್ ಕಂಪ್ಯೂಟರ್ ಬಳಸುವವರು.

ಒಂದೇ ನಂಬರ್, ಎರಡು ಮನೆ

ಇವತ್ತು ಫೋನಿನ ಡಯಲರ್‌ನಲ್ಲಿ *99# ಒತ್ತಿದರೆ ತೆರೆಯುವುದು ಬ್ಯಾಂಕಿನ ಬಾಗಿಲು. ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಿಂದಲೂ ಬ್ಯಾಲೆನ್ಸ್ ನೋಡಲು, ಹಣ ಕಳಿಸಲು ರಾಷ್ಟ್ರೀಯ ಪಾವತಿ ನಿಗಮ ನಡೆಸುತ್ತಿರುವ ಸೇವೆ ಇದು. 2014ರ ಆಗಸ್ಟ್ 28ರಂದು ಪ್ರಧಾನಿ ಇದನ್ನು ದೇಶಕ್ಕೆ ಅರ್ಪಿಸಿದರು. 2022ರ ಏಪ್ರಿಲ್‌ನಲ್ಲಿ ಟ್ರಾಯ್ ಇದರ ಮೇಲಿನ ಶುಲ್ಕವನ್ನೂ ತೆಗೆದುಹಾಕಿತು. ಹೊಲದಲ್ಲಿ ನೆಟ್ ಸಿಗದಿದ್ದಾಗ ಇದು ಕೆಲಸಕ್ಕೆ ಬರುವ ಸೇವೆಯೇ. ನೆಟ್ ವೇಗಕ್ಕೂ ಇದಕ್ಕೂ ಮಾತ್ರ ಸಂಬಂಧವಿಲ್ಲ. ಅಕಸ್ಮಾತ್ ಒತ್ತಿದ್ದರೆ ‘ಕ್ಯಾನ್ಸಲ್’ ಮಾಡಿ ಹೊರಬನ್ನಿ, ಅಷ್ಟೆ.

ಇನ್ನೊಂದು ಮನೆ ಹಳೆಯದು. ಹದಿನೈದು ವರ್ಷದ ಹಿಂದೆ ಪೆನ್‌ಡ್ರೈವ್‌ನಂಥ ಡಾಂಗಲ್‌ಗಳು ಬಂದಿದ್ದು ನೆನಪಿರಬಹುದು. ಒಳಗೆ ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚಿದರೆ ನೆಟ್ ಬರುತ್ತಿತ್ತು. ವಿಂಡೋಸ್‌ನಲ್ಲಿ ಡಾಂಗಲ್ ಜೊತೆಗೆ ಬಂದ ತಂತ್ರಾಂಶವೇ ಎಲ್ಲ ಮಾಡುತ್ತಿತ್ತು, ನೀವು ‘ಕನೆಕ್ಟ್’ ಒತ್ತಿದರೆ ಸಾಕು. ಲಿನಕ್ಸ್‌ನಲ್ಲಿ ಆ ತಂತ್ರಾಂಶ ಹೆಚ್ಚಾಗಿ ನಡೆಯುತ್ತಿರಲಿಲ್ಲ. ಅಲ್ಲಿ ಒಂದು ಖಾಲಿ ಜಾಗ ಕೇಳುತ್ತಿತ್ತು: ‘ಫೋನ್ ನಂಬರ್?’ ಅಲ್ಲಿ ತುಂಬಬೇಕಿದ್ದದ್ದೇ *99#. ಸಿಡಿಎಂಎ ಡಾಂಗಲ್ ಆದರೆ #777.

ತಮಾಷೆಯೆಂದರೆ, ಈ ನಂಬರಿಗೆ ಕರೆ ಹೋಗುತ್ತಲೇ ಇರಲಿಲ್ಲ. ಆ ಕಡೆ ಎತ್ತುವವರು ಯಾರೂ ಇಲ್ಲ. ಕಂಪ್ಯೂಟರ್ ‘*99# ಡಯಲ್ ಮಾಡು’ ಎಂದಾಗ ಡಾಂಗಲ್ಲೇ ಅದನ್ನು ಹಿಡಿದು, ‘ಓಹೋ, ಡೇಟಾ ಶುರು ಮಾಡು ಅಂತಿದ್ದಾನೆ’ ಎಂದು ಅರ್ಥ ಮಾಡಿಕೊಳ್ಳುತ್ತಿತ್ತು. ಹಾಗಿದ್ದರೆ ಡಯಲ್ ಮಾಡುವ ನಾಟಕ ಯಾಕೆ? ಅದಕ್ಕೂ ಮೊದಲಿದ್ದ ಡಯಲ್-ಅಪ್‌ನ ರೂಢಿ ಅದು. ಕಂಪ್ಯೂಟರುಗಳಿಗೆ ನೆಟ್ ಎಂದರೆ ‘ಯಾವುದೋ ನಂಬರಿಗೆ ಫೋನ್ ಮಾಡುವುದು’ ಎಂದೇ ಕಲಿಸಿದ್ದೆವು. ಹೊಸ ಯಂತ್ರ ಬಂದ ಮೇಲೂ ಹಳೆಯ ಅಭ್ಯಾಸ ಬಿಡಿಸಲು ಹೋಗದೆ, ಅದಕ್ಕೊಂದು ಹುಸಿ ನಂಬರ್ ಕೊಟ್ಟುಬಿಟ್ಟರು.

ಹೀಗಾಗಿ ಫಾರ್ವರ್ಡ್ ಬರೆದವರು ಎಲ್ಲೋ ‘ನೆಟ್ ಬರಲು *99# ಡಯಲ್ ಮಾಡಿ’ ಎಂದು ಓದಿದ್ದರೆ ಅದು ಸುಳ್ಳಲ್ಲ. ಕಂಪ್ಯೂಟರ್ ತನ್ನ ಮೋಡೆಮ್‌ಗೆ ಹೇಳುವ ಮಾತನ್ನು ಮನುಷ್ಯ ತನ್ನ ಫೋನಿಗೆ ಹೇಳಿದ್ದು ತಪ್ಪು.

ಫೋನ್ ತಂತಿಯಲ್ಲಿ ನೆಟ್ ಬರುತ್ತಿದ್ದ ಕಾಲ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಮೊದಲು ಮಹಾನಗರಗಳಲ್ಲಿ. ಸೇಡಂ, ಚಿತ್ತಾಪುರದಂಥ ತಾಲ್ಲೂಕು ಕೇಂದ್ರಗಳವರಿಗೆ ಡಯಲ್-ಅಪ್ ಎಂದರೆ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಮತ್ತು ಅದರ ‘ಸಂಚಾರ್‌ನೆಟ್’ ಖಾತೆ. 172233ಕ್ಕೆ ಡಯಲ್ ಮಾಡಿದರೆ ಮೋಡೆಮ್ ಕಿರ್ರೋ ಎಂದು ಕಿರುಚಿ, ಗರ್ ಎಂದು ಗೊರಕೆ ಹೊಡೆದು, ಕೊನೆಗೆ ಸುಮ್ಮನಾಗುತ್ತಿತ್ತು. ಸುಮ್ಮನಾದರೆ ನೆಟ್ ಬಂತು ಎಂದು ಅರ್ಥ. ನೆಟ್ ಇರುವಷ್ಟು ಹೊತ್ತು ಮನೆಯ ಫೋನ್ ಎಂಗೇಜ್.

ಆ ಕಿರುಚಾಟ ಎರಡು ಮೋಡೆಮ್‌ಗಳ ಮಾತುಕತೆ. ಟೆಲಿಫೋನ್ ತಂತಿ ಇದ್ದದ್ದು ಮನುಷ್ಯರ ಧ್ವನಿಗಾಗಿ. ಅದರಲ್ಲಿ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದು ಮಾತ್ರ ಸಾಗುತ್ತದೆ. ಆದ್ದರಿಂದ ಮೋಡೆಮ್ ಕಂಪ್ಯೂಟರಿನ ಒಂದು-ಸೊನ್ನೆಗಳನ್ನು ಸದ್ದಾಗಿ ಬದಲಿಸಿ ಕಳಿಸುತ್ತಿತ್ತು. ‘ಲೈನ್ ಹೇಗಿದೆ? ಎಷ್ಟು ವೇಗದಲ್ಲಿ ಮಾತಾಡೋಣ?’ ಎಂದು ಎರಡೂ ಕಡೆ ಪರೀಕ್ಷಿಸಿ ಒಪ್ಪಂದಕ್ಕೆ ಬರುವ ಸದ್ದೇ ನಾವು ಕೇಳುತ್ತಿದ್ದ ಆ ಕಿರುಚಾಟ. ಮಳೆಗಾಲದಲ್ಲಿ ಕಂಬದ ಮೇಲಿನ ಜೋಡಣೆಗೆ ನೀರಿಳಿದು ಲೈನಿನಲ್ಲಿ ಕರಕರ ಸದ್ದು ಬಂದರೆ ಒಪ್ಪಂದದ ವೇಗ ಇಳಿಯುತ್ತಿತ್ತು, ಇಲ್ಲವೇ ನಡುವೆಯೇ ಕಟ್ ಆಗುತ್ತಿತ್ತು.

ಅದರ ಗರಿಷ್ಠ ವೇಗ 56 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 7 ಕೆಬಿ. ನೀವು ಈಗ ‘ಗುಡ್ ಮಾರ್ನಿಂಗ್’ ಎಂದು ಕಳಿಸುವ 3 ಎಂಬಿ ವಿಡಿಯೊ ಅದರಲ್ಲಿ ಇಳಿಯಲು ಏಳು ನಿಮಿಷಕ್ಕೂ ಹೆಚ್ಚು ಬೇಕು. ಅಮೆರಿಕದಲ್ಲಿ ಎಒಎಲ್ ಕಂಪನಿ ತನ್ನ ಡಯಲ್-ಅಪ್ ಸೇವೆ ನಿಲ್ಲಿಸಿದ್ದು 2025ರ ಸೆಪ್ಟೆಂಬರ್ 30ರಂದು. ಇದು ಅಷ್ಟೇನೂ ಹಳೆಯ ಕಥೆಯಲ್ಲ ಎಂದು ಹೇಳಲು ಇಷ್ಟು ಸಾಕು.

ಆಗ ವಾಟ್ಸಾಪ್ ಇರಲಿಲ್ಲ, ಆದರೆ ಫಾರ್ವರ್ಡ್ ಇತ್ತು! ‘ವಿಂಡೋಸ್ ಎಕ್ಸ್‌ಪಿ ನಿಮ್ಮ ನೆಟ್‌ನ ಶೇ 20 ಭಾಗ ಕದ್ದಿಟ್ಟುಕೊಂಡಿದೆ, ಈ ಸೆಟ್ಟಿಂಗ್ ಬದಲಿಸಿದರೆ ವಾಪಸ್ ಸಿಗುತ್ತದೆ’ ಎಂಬ ಇಮೇಲ್ ಜಗತ್ತೆಲ್ಲ ಸುತ್ತಿತು. ಹಾಗೆ ಯಾವ ಭಾಗವೂ ಕಳೆದುಹೋಗುವುದಿಲ್ಲ, ಬಳಕೆಯಾಗದಿದ್ದರೆ ಅದು ಬೇರೆ ಪ್ರೋಗ್ರಾಂಗಳಿಗೇ ಸಿಗುತ್ತದೆ ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಬೇಕಾಯಿತು. ಇಪ್ಪತ್ತು ವರ್ಷದಲ್ಲಿ ಫಾರ್ವರ್ಡ್‌ನ ದಾರಿ ಬದಲಾಗಿದೆ, ಆಸೆ ಅದೇ ಇದೆ.

ಲಿನಕ್ಸ್ ಏನು ಹೇಳುತ್ತದೆ

ನೆಟ್ ನಿಂತಾಗ ಫೋನ್ ನಮಗೆ ಹೆಚ್ಚೇನೂ ಹೇಳುವುದಿಲ್ಲ. ಒಂದು ಚಕ್ರ ತಿರುಗುತ್ತದೆ, ಅಷ್ಟೆ. ಲಿನಕ್ಸ್‌ನ ಡಯಲ್-ಅಪ್ ಹಾಗಲ್ಲ. ಅದು ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಬರೆದು ತೋರಿಸುತ್ತದೆ. ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಹಳೆಯ ಡಾಂಗಲ್ ಇಟ್ಟುಕೊಂಡು ನಾವು ಕೂತದ್ದು ಅದಕ್ಕಾಗಿಯೇ. ನೆಟ್ ಎಂಬುದು ಒಂದು ಬಾಗಿಲಲ್ಲ, ಸಾಲಾಗಿ ಐದಾರು ಬಾಗಿಲು. ಯಾವುದು ಮುಚ್ಚಿದೆ ಎಂದು ತಿಳಿಯದೆ ಯಾವ ಬೀಗದ ಕೈ ತಂದರೂ ಉಪಯೋಗವಿಲ್ಲ.

ಮೊದಲನೆಯದು, ಮೋಡೆಮ್ ಕಂಪ್ಯೂಟರಿಗೆ ಕಾಣುತ್ತಿದೆಯೇ ಎಂಬುದು. ಬಹಳ ಜನ ಸೋತಿದ್ದು ಇಲ್ಲಿ. ಡಯಲ್-ಅಪ್ ಕಾಲದಲ್ಲಿ ಅಗ್ಗದ ಕಂಪ್ಯೂಟರುಗಳ ಒಳಗೆ ‘ವಿನ್‌ಮೋಡೆಮ್’ ಎಂಬ ಅರ್ಧ ಮೋಡೆಮ್ ಇರುತ್ತಿತ್ತು. ಉಳಿದರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶ ಮಾಡಬೇಕು. ಲಿನಕ್ಸ್ ಹಾಕಿದರೆ ಆ ಅರ್ಧ ಇಲ್ಲ, ಮೋಡೆಮ್ ಸತ್ತಂತೆ. ಹೊರಗಿನಿಂದ ಜೋಡಿಸುವ ಪೂರ್ಣ ಮೋಡೆಮ್ ಕೊಳ್ಳುವುದೇ ಪರಿಹಾರವಾಗಿತ್ತು. ಡಾಂಗಲ್‌ಗಳದ್ದು ಬೇರೆ ಚಾಳಿ. ಚುಚ್ಚಿದ ತಕ್ಷಣ ಅವು ‘ನಾನೊಂದು ಸಿಡಿ’ ಎಂದು ಸುಳ್ಳು ಹೇಳುತ್ತವೆ. ವಿಂಡೋಸ್‌ನಲ್ಲಿ ಆ ಸಿಡಿಯೊಳಗಿನ ತಂತ್ರಾಂಶ ತಾನಾಗಿ ಇನ್‌ಸ್ಟಾಲ್ ಆಗಲಿ ಎಂಬ ಉಪಾಯ ಅದು. ಲಿನಕ್ಸ್‌ನಲ್ಲಿ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಸಣ್ಣ ಪ್ರೋಗ್ರಾಂ ‘ಸಿಡಿ ವೇಷ ಸಾಕು, ಮೋಡೆಮ್ ಆಗು’ ಎಂದು ಆಜ್ಞೆ ಕೊಟ್ಟ ಮೇಲೆಯೇ ಅದು ಮೋಡೆಮ್ ಆಗಿ ಕಾಣುವುದು. ಇಷ್ಟಾದ ಮೇಲೂ ಉಬುಂಟು, ಡೆಬಿಯನ್‌ನಂಥವುಗಳಲ್ಲಿ ನಿಮ್ಮ ಬಳಕೆದಾರ ಹೆಸರು ‘ಡಯಲ್‌ಔಟ್’ ಎಂಬ ಗುಂಪಿನಲ್ಲಿ ಇಲ್ಲದಿದ್ದರೆ ಮೋಡೆಮ್ ಮುಟ್ಟಲು ಅನುಮತಿ ಸಿಗದೇ ಹೋಗಬಹುದು. ನಮ್ಮ ಮೊದಲ ಅರ್ಧ ಗಂಟೆ ಹೋಗಿದ್ದು ಇದರಲ್ಲೇ.

ಮೋಡೆಮ್ ಕಂಡ ಮೇಲೆ ಕಂಪ್ಯೂಟರ್ ಅದಕ್ಕೆ ‘ಎಟಿ’ ಎನ್ನುತ್ತದೆ. ‘ಅಟೆನ್ಷನ್’, ಅಂದರೆ ಇತ್ತ ಗಮನ ಕೊಡು ಎಂದರ್ಥ. ಮೋಡೆಮ್ ‘ಓಕೆ’ ಎನ್ನಬೇಕು. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಹುಟ್ಟಿದ ಈ ಭಾಷೆಯ ಮಾತುಗಳನ್ನು ಇಂದಿನ ಡಾಂಗಲ್‌ಗಳೂ ಕೇಳುತ್ತವೆ. ಈ ಭಾಷೆಯಲ್ಲೇ ಸಿಮ್ ಸರಿಯಿದೆಯೇ, ಸಿಗ್ನಲ್ ಎಷ್ಟಿದೆ ಎಂದು ಕೇಳಬಹುದು. ಸಿಗ್ನಲ್ ಕೇಳಿದರೆ 0ರಿಂದ 31ರವರೆಗಿನ ಒಂದು ಅಂಕಿ ಬರುತ್ತದೆ, 99 ಬಂದರೆ ‘ಗೊತ್ತಿಲ್ಲ’ ಎಂದರ್ಥ. ಸುಮ್ಮನೆ ನಾಲ್ಕು ಕಡ್ಡಿ ತೋರಿಸುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಆಮೇಲೆ ಡಯಲ್. ಲ್ಯಾಂಡ್‌ಲೈನ್ ಆದರೆ ಇಲ್ಲಿ ನಾಲ್ಕು ಉತ್ತರ ಬರಬಹುದು. ‘ನೋ ಡಯಲ್‌ಟೋನ್’ ಎಂದರೆ ತಂತಿಯೇ ಸತ್ತಿದೆ, ಇಲ್ಲವೇ ನಮ್ಮ ಎಕ್ಸ್‌ಚೇಂಜಿನ ಟೋನ್ ಮೋಡೆಮ್‌ಗೆ ಗುರುತು ಸಿಗುತ್ತಿಲ್ಲ. ‘ಬ್ಯುಸಿ’ ಎಂದರೆ ಆ ಕಡೆ ಜಾಗ ಖಾಲಿಯಿಲ್ಲ. ‘ನೋ ಕ್ಯಾರಿಯರ್’ ಎಂದರೆ ಕರೆ ಸೇರಲಿಲ್ಲ, ಅಥವಾ ಸೇರಿ ಕಡಿದುಹೋಯಿತು. ‘ಕನೆಕ್ಟ್’ ಎಂದರೆ ಆಯಿತು. ಇದರ ಮುಂದೆ ಹಲವು ಸಲ 115200 ಎಂಬ ದೊಡ್ಡ ಅಂಕಿ ಬರುತ್ತಿತ್ತು. ‘ನಂದು 115 ಸ್ಪೀಡ್’ ಎಂದು ಬೀಗಿದವರಿದ್ದಾರೆ. ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಗೇಣುದ್ದದ ವೈರಿನ ವೇಗ, ಫೋನ್ ಲೈನಿನದ್ದಲ್ಲ.

ಡಾಂಗಲ್‌ನಲ್ಲಿ ‘ಕನೆಕ್ಟ್’ ಬಂತೆಂದರೆ ಇನ್ನೂ ಕಡಿಮೆ ಅರ್ಥ. ‘ಸರಿ, ಮಾತಾಡಲು ನಾನು ತಯಾರು’ ಎಂದು ಡಾಂಗಲ್ ಒಪ್ಪಿದೆ ಎಂದಷ್ಟೆ. ಇಂಟರ್ನೆಟ್‌ನ ದ್ವಾರ ಯಾವುದು ಎಂದು ಅದಕ್ಕೆ ಎಪಿಎನ್ ಎಂಬ ಹೆಸರು ಹೇಳಿರಬೇಕು. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’, ಇಂಗ್ಲಿಷ್ ಸಣ್ಣಕ್ಷರದಲ್ಲಿ. ಒಂದು ಅಕ್ಷರ ತಪ್ಪಿದರೂ ಸಿಗ್ನಲ್ ಪೂರ್ತಿ ಇದ್ದು ನೆಟ್ ಮಾತ್ರ ಬರದೇ ಇರಬಹುದು.

ನಾಲ್ಕನೆಯದು ಪರಿಚಯ ಹೇಳಿಕೊಳ್ಳುವ ಬಾಗಿಲು. ಪಿಪಿಪಿ ಎಂಬ ಪ್ರೋಗ್ರಾಂ ಆ ಕಡೆಗೆ ಹೆಸರು, ಪಾಸ್‌ವರ್ಡ್ ಕಳಿಸುತ್ತದೆ. ಡಯಲ್-ಅಪ್ ಕಾಲದಲ್ಲಿ ಕೊಂಡ ಗಂಟೆಗಳು ಮುಗಿದಿದ್ದರೆ ಇಲ್ಲಿಂದಲೇ ವಾಪಸ್. ಒಪ್ಪಿಗೆಯಾದರೆ ನಿಮ್ಮ ಕಂಪ್ಯೂಟರಿಗೆ ಒಂದು ಐಪಿ ವಿಳಾಸ ಸಿಗುತ್ತದೆ, ಅದೂ ಪರದೆಯ ಮೇಲೆ ಕಾಣುತ್ತದೆ.

ವಿಳಾಸ ಸಿಕ್ಕಿತು, ಆದರೂ ಒಂದು ಪುಟವೂ ತೆರೆಯುತ್ತಿಲ್ಲ. ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ತೊಂದರೆ ಇದು. ಎರಡು ಕಾರಣ ನೋಡಬೇಕು. ಒಂದು, ಕಂಪ್ಯೂಟರ್ ಮೊದಲೇ ಒಂದು ವೈಫೈಗೋ ಕೇಬಲ್ಲಿಗೋ ಸೇರಿಕೊಂಡಿದ್ದರೆ ‘ಹೊರದಾರಿ ಅದೇ’ ಎಂದು ಹಟ ಹಿಡಿದಿರುತ್ತದೆ. ‘ಈಗಿರುವ ದಾರಿಯನ್ನು ಬದಲಿಸುತ್ತಿಲ್ಲ’ ಎಂದು ಲಿನಕ್ಸ್ ಒಂದು ಸಾಲು ಬರೆದಿರುತ್ತದೆ, ನಾವು ಓದಿರುವುದಿಲ್ಲ. ಆ ವೈಫೈ ಆಫ್ ಮಾಡಿದರೆ ಮುಗಿಯಿತು. ಇನ್ನೊಂದು ಡಿಎನ್‌ಎಸ್. ಇಂಟರ್ನೆಟ್‌ನಲ್ಲಿ ಯಂತ್ರಗಳು ಒಂದನ್ನೊಂದು ಅಂಕಿಗಳಿಂದ ಗುರುತಿಸುತ್ತವೆ, ನಾವು ಹೆಸರು ಟೈಪ್ ಮಾಡುತ್ತೇವೆ. ಹೆಸರು ಕೊಟ್ಟರೆ ಅಂಕಿ ಹೇಳುವ ಟೆಲಿಫೋನ್ ಡೈರೆಕ್ಟರಿಯಂಥ ವ್ಯವಸ್ಥೆಯೇ ಡಿಎನ್‌ಎಸ್. ‘ಪಿಂಗ್’ ಎಂಬ ಆಜ್ಞೆ ಕೊಟ್ಟು 8.8.8.8 ಎಂಬ ಅಂಕಿಯನ್ನು ಕರೆದರೆ ಉತ್ತರ ಬರುತ್ತದೆ, ಆದರೆ ಯಾವ ಜಾಲತಾಣದ ಹೆಸರಿಟ್ಟು ಕರೆದರೂ ಉತ್ತರವಿಲ್ಲ ಎಂದಾದರೆ ಡೈರೆಕ್ಟರಿ ಕಳೆದಿದೆ ಎಂದೇ ಅರ್ಥ. ನೆಟ್ ಇದೆ, ದಾರಿ ಇದೆ, ಮನೆ ನಂಬರ್ ಮಾತ್ರ ಗೊತ್ತಿಲ್ಲ.

ಹಳೆಯ ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಪ್ರತಿ ಜಾಲತಾಣವೂ ‘ಸುರಕ್ಷಿತವಲ್ಲ’ ಎಂದು ಹೆದರಿಸುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ನಿಮ್ಮ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರದಂತೆ ಕಾಣುತ್ತದೆ. ವೈರಸ್ ಎಂದು ಗಾಬರಿಯಾಗುವ ಮೊದಲು ಗಡಿಯಾರ ನೋಡಿ.

ಅದೇ ಬಾಗಿಲುಗಳು ನಿಮ್ಮ ಫೋನಿನಲ್ಲೂ ಇವೆ

ಈಗ ಡಯಲ್-ಅಪ್ ಇಲ್ಲದಿರಬಹುದು, ಆದರೆ ಮೊಬೈಲ್ ಡೇಟಾ ಆನ್ ಮಾಡಿದಾಗ ಫೋನ್ ದಾಟುವುದು ಹೆಚ್ಚುಕಡಿಮೆ ಇದೇ ಬಾಗಿಲುಗಳನ್ನು. ಸದ್ದಿಲ್ಲದೆ ದಾಟುತ್ತದೆ, ಅಷ್ಟೆ.

ಸಿಗ್ನಲ್‌ನಿಂದ ಶುರು ಮಾಡೋಣ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ಒಂದೇ ಜಾಗದಲ್ಲಿ ಅಣ್ಣನ ಫೋನಿಗೆ ನಾಲ್ಕು, ತಮ್ಮನ ಫೋನಿಗೆ ಎರಡು ಕಂಡರೆ ಆಶ್ಚರ್ಯವಿಲ್ಲ. ನಿಜ ತಿಳಿಯಬೇಕೆಂದರೆ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ನೋಡಿ. ಅಲ್ಲಿ ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಅಂಕಿ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ −85ರ ಆಸುಪಾಸು ಗಟ್ಟಿ, −115 ದಾಟಿದರೆ ಉಸಿರು ಹಿಡಿದುಕೊಂಡಿದೆ ಎನ್ನಬಹುದು. ಹತ್ತು ಅಂಕಿ ಕೆಳಗಿಳಿದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ನಮ್ಮ ಭಾಗದಲ್ಲಿ ಇದು ಕೇವಲ ಟವರಿನ ಪ್ರಶ್ನೆಯಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಹಳೆಯ ಮನೆಗಳೆಂದರೆ ಕಲ್ಲಿನ ದಪ್ಪ ಗೋಡೆ, ಪರಸಿ ಕಲ್ಲಿನ ಮಾಳಿಗೆ. ಏಪ್ರಿಲ್ ಬಿಸಿಲಿಗೆ ಅದೇ ತಂಪು. ಆದರೆ ಬಿಸಿಲು ತಡೆಯುವಂತೆ ರೇಡಿಯೊ ಅಲೆಗಳನ್ನೂ ಅದು ತಡೆಯುತ್ತದೆ. ಅಂಗಳದಲ್ಲಿ −95 ಇದ್ದು ಒಳಕೋಣೆಯಲ್ಲಿ −110 ಆದರೆ, ಸಿಗ್ನಲ್ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿದಿದೆ ಎಂದು ಲೆಕ್ಕ. ಚಿಂಚೋಳಿಯಿಂದ ಕುಂಚಾವರಂ ಕಾಡಿನ ಕಡೆ ಹೋದರೆ ಗೋಡೆಯ ಜಾಗಕ್ಕೆ ಗುಡ್ಡ ಬರುತ್ತದೆ. ಫೋನಿಗೂ ಟವರಿಗೂ ನಡುವೆ ಗುಡ್ಡ ಅಡ್ಡ ನಿಂತಿದ್ದರೆ ಯಾವ ಕೋಡೂ ಅದನ್ನು ಸರಿಸುವುದಿಲ್ಲ. ಕಿಟಕಿ ಬಳಿಗೆ, ಮಾಳಿಗೆ ಮೇಲಕ್ಕೆ ಹೋಗುವುದು ಹಳ್ಳಿಯವರ ಪೆದ್ದುತನವಲ್ಲ, ಅದು ಸರಿಯಾದ ಭೌತಶಾಸ್ತ್ರ. ಮಾಳಿಗೆ ಮೇಲೆ ಒಂದು ಫೋನಿಟ್ಟು ಹಾಟ್‌ಸ್ಪಾಟ್ ಹಾಕಿ ಕೆಳಗೆ ಮೆಟ್ಟಿಲ ಬಳಿ ಕೂತು ಪರೀಕ್ಷೆಯ ಅರ್ಜಿ ತುಂಬಿದವರನ್ನು ನಾವು ಬಲ್ಲೆವು.

ಕಡ್ಡಿಗಳು ಪೂರ್ತಿ ಇವೆ, ಪಕ್ಕದಲ್ಲಿ ಒಂದು ‘!’ ಚಿಹ್ನೆ ಇದೆ ಎಂದರೆ ಟವರಿನ ಸಂಪರ್ಕ ಇದೆ, ಅದರಾಚೆಯ ಇಂಟರ್ನೆಟ್ ಸಿಗುತ್ತಿಲ್ಲ. ಏರೋಪ್ಲೇನ್ ಮೋಡ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ಇದು ಮಂತ್ರವಲ್ಲ. ಫೋನ್ ಟವರಿಗೆ ಹೊಸದಾಗಿ ಪರಿಚಯ ಹೇಳಿಕೊಳ್ಳುತ್ತದೆ, ಕರೆ ಕಡಿದು ಮತ್ತೆ ಡಯಲ್ ಮಾಡಿದಂತೆ. *99# ಒತ್ತಿ ‘ನನಗೆ ನೆಟ್ ಬಂತು’ ಎನ್ನುವವರು ಸುಳ್ಳು ಹೇಳುತ್ತಿಲ್ಲದಿರಬಹುದು. ಕೆಲವು ಫೋನ್‌ಗಳು ಇಂಥ ಕೋಡ್ ಕಳಿಸಲು 4ಜಿ ಬಿಟ್ಟು ಹಳೆಯ ಜಾಲಕ್ಕಿಳಿದು ಮತ್ತೆ ಮೇಲೇರುತ್ತವೆ. ಆ ಇಳಿದು ಹತ್ತುವಿಕೆಯಲ್ಲಿ ಸಿಕ್ಕಿಹಾಕಿಕೊಂಡ ಸಂಪರ್ಕ ಬಿಡಿಸಿಕೊಂಡಿರಬಹುದು. ಕೆಲಸ ಮಾಡಿದ್ದು ಮರುಸಂಪರ್ಕ, ಹೆಸರು ಬಂದದ್ದು ಕೋಡಿಗೆ.

*#*#4636#*#* ಎಂಬ ಇನ್ನೊಂದು ಕೋಡೂ ಓಡಾಡುತ್ತಿದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ತಂತ್ರಜ್ಞರಿಗೆಂದು ಇಟ್ಟ ಮಾಹಿತಿ ಪುಟ ತೆರೆಯುತ್ತದೆ. ಅಲ್ಲಿ ‘ಎಲ್‌ಟಿಇ ಓನ್ಲಿ’ ಆರಿಸಿ ಎಂದು ವಿಡಿಯೊಗಳು ಹೇಳುತ್ತವೆ. ನಿಮ್ಮ ಫೋನು, ಸಿಮ್ಮು 4ಜಿಯಲ್ಲೇ ಕರೆ ಮಾಡುವಂಥವಲ್ಲದಿದ್ದರೆ ಅದರಿಂದ ಕರೆಗಳೇ ಬರುವುದು ನಿಲ್ಲುತ್ತದೆ. ಹಟ್ಟಿಯಲ್ಲಿ ಒಬ್ಬರೇ ಇರುವ ಅಜ್ಜಿಯ ಫೋನಿಗೆ ದಯವಿಟ್ಟು ಹೀಗೆ ಮಾಡಬೇಡಿ.

ಸಂಜೆ ನಿಲ್ಲುವ ನೆಟ್ ಮತ್ತು 64

‘ಬೆಳಗ್ಗೆ ಚೆನ್ನಾಗಿರುತ್ತೆ, ಸಂಜೆ ಸತ್ತೇ ಹೋಗುತ್ತೆ’ ಎಂಬ ದೂರು ನಮಗೆ ಹೆಚ್ಚು ಬರುತ್ತದೆ. ಟವರಿನ ಮೇಲೆ ಸಂಜೆ ಹೊರೆ ಹೆಚ್ಚುವುದು ಒಂದು ಕಾರಣ. ಬಹಳ ಸಲ ಕಾರಣ ಅದಕ್ಕಿಂತ ಸರಳ. ದಿನದ ಒಂದೂವರೆ ಜಿಬಿಯೋ ಎರಡು ಜಿಬಿಯೋ ಮುಗಿದಿರುತ್ತದೆ. ಹಲವು ಪ್ಲ್ಯಾನ್‌ಗಳಲ್ಲಿ ಡೇಟಾ ಮುಗಿದರೆ ನೆಟ್ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದಕ್ಕೇ ಕಡ್ಡಿಯೂ ಇರುತ್ತದೆ, 4ಜಿ ಎಂದೂ ಇರುತ್ತದೆ, ಒಂದು ಫೋಟೊ ಮಾತ್ರ ತೆರೆಯುವುದಿಲ್ಲ.

64 ಎಂಬ ಅಂಕಿ ನೋಡಿ ನಮಗೆ ನಗು ಬಂತು. ಟೆಲಿಫೋನ್ ಎಕ್ಸ್‌ಚೇಂಜ್ ಒಂದು ಧ್ವನಿ ಕರೆಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಿತ್ತು. ಎರಡನ್ನೂ ಗುಣಿಸಿದರೆ 64,000, ಅಂದರೆ 64 ಕೆಬಿಪಿಎಸ್. ಡಯಲ್-ಅಪ್ 56ಕ್ಕೆ ನಿಂತದ್ದೂ ಈ ಗೋಡೆಗೆ ಗುದ್ದಿಯೇ. ಡೇಟಾ ಮುಗಿದ ಮೇಲೆ ನಿಮ್ಮ ಹೊಸ ಫೋನ್ ಓಡುವುದು ಹೆಚ್ಚುಕಡಿಮೆ ಆ ಹಳೆಯ ಮೋಡೆಮ್‌ನ ವೇಗದಲ್ಲಿ. ಆಗಿನ ಜಾಲಪುಟಗಳು ಹಗುರವಾಗಿದ್ದವು. ಈಗ 2 ಎಂಬಿಯ ಒಂದು ಪುಟ ತೆರೆಯಲು ಆ ವೇಗದಲ್ಲಿ ನಾಲ್ಕು ನಿಮಿಷಕ್ಕೂ ಮೇಲೆ. ಕಂಪನಿಯ ಆ್ಯಪ್‌ನಲ್ಲಿ ಉಳಿದ ಡೇಟಾ ನೋಡಿ. ಅದು ಸೊನ್ನೆಯಾಗಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಅಂದಹಾಗೆ, ಹತ್ತು ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವ ವಾಟ್ಸಾಪ್ ಗುಂಪುಗಳೇ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದೊಳಗೆ ಆ ಡೇಟಾ ತಿಂದು ಮುಗಿಸುತ್ತವೆ. ‘ಆಟೊ ಡೌನ್‌ಲೋಡ್’ ಆಫ್ ಮಾಡಿದರೆ ಯಾವ ಕೋಡಿಗಿಂತಲೂ ಹೆಚ್ಚು ಲಾಭ.

‘ಸರ್ವಿಸ್‌ನವರು’ ಹೇಳುವ ಕೋಡ್

ಇನ್ನು ಸಂದೇಶದ ಕೊನೆಯ ಸಾಲು. ನೆಟ್ ಸರಿಪಡಿಸುತ್ತೇವೆ ಎನ್ನುವವರು ಒತ್ತಲು ಹೇಳುವ ಕೋಡ್ ಸಾಮಾನ್ಯವಾಗಿ *401ರಿಂದ ಶುರುವಾಗಿ, ಅದರ ಮುಂದೆ ಹತ್ತು ಅಂಕಿಯ ಒಂದು ಮೊಬೈಲ್ ನಂಬರ್ ಇರುತ್ತದೆ. *21 ಎಂದು ಶುರುವಾಗುವುದೂ ಉಂಟು. ಇದು ಕಾಲ್ ಫಾರ್ವರ್ಡಿಂಗ್ ಕೋಡ್. ಒತ್ತಿದ ಮರುಕ್ಷಣದಿಂದ ನಿಮಗೆ ಬರುವ ಕರೆಗಳು ಆ ಹತ್ತು ಅಂಕಿಯವನ ಫೋನಿನಲ್ಲಿ ರಿಂಗಾಗುತ್ತವೆ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ನಿಮ್ಮಲ್ಲೇ ಉಳಿಯುತ್ತದೆ ನಿಜ. ಆದರೆ ‘ಕರೆ ಮಾಡಿ ಒಟಿಪಿ ಹೇಳಿ’ ಎಂಬ ಆಯ್ಕೆ ವಾಟ್ಸಾಪ್‌ನಲ್ಲೂ ಇದೆ, ಬೇರೆ ಕೆಲವು ಸೇವೆಗಳಲ್ಲೂ ಇದೆ. ಆ ಕರೆ ಅವನಿಗೆ ಹೋಗುತ್ತದೆ. ನಿಮ್ಮ ವಾಟ್ಸಾಪ್ ಅವನ ಕೈಗೆ ಹೋದ ಮೇಲೆ ನಿಮ್ಮ ಅಣ್ಣತಮ್ಮಂದಿರಿಗೆ, ಗೆಳೆಯರಿಗೆ ‘ಅರ್ಜೆಂಟ್ ಐದು ಸಾವಿರ ಹಾಕು’ ಎಂದು ಸಂದೇಶ ಹೋಗುತ್ತದೆ.

ದೂರಸಂಪರ್ಕ ಇಲಾಖೆ 2024ರ ಜನವರಿಯಲ್ಲಿ ಇದೇ *401 ಮೋಸದ ಬಗ್ಗೆ ಎಚ್ಚರಿಸಿತ್ತು. ಆ ವರ್ಷ ಏಪ್ರಿಲ್ 15ರಿಂದ ಕೋಡ್ ಒತ್ತಿ ಕಾಲ್ ಫಾರ್ವರ್ಡ್ ಮಾಡುವ ಸೌಲಭ್ಯವನ್ನೇ ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತು. ಹಾಗೆಂದು ನಿಶ್ಚಿಂತೆಯಿಂದ ಇರಬೇಡಿ, ಮೋಸಗಾರರು ಪ್ರಯತ್ನ ಬಿಟ್ಟಿಲ್ಲ. ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ಅದು ಎಲ್ಲ ಫಾರ್ವರ್ಡಿಂಗ್ ರದ್ದು ಮಾಡುವ ಕೋಡ್. ಆಮೇಲೆ ಫೋನಿನ ಕಾಲ್ ಸೆಟ್ಟಿಂಗ್ಸ್‌ಗೆ ಹೋಗಿ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ‘ಟೂ-ಸ್ಟೆಪ್ ವೆರಿಫಿಕೇಶನ್’ ಪಿನ್ ಇಟ್ಟುಕೊಳ್ಳಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಹೋಗಿಲ್ಲ, ಸಂದೇಶ ಮಾತ್ರ ಬಂದಿದೆ ಎಂದರೆ ‘ಸಂಚಾರ್ ಸಾಥಿ’ಯ ‘ಚಕ್ಷು’ವಿನಲ್ಲಿ ಆ ನಂಬರಿನ ಬಗ್ಗೆ ತಿಳಿಸಬಹುದು.

ಚಿಂಚೋಳಿಯ ಓದುಗರ ತೊಂದರೆ ಏನಾಗಿತ್ತು? ಬಾಗಿಲುಗಳನ್ನು ಒಂದೊಂದಾಗಿ ನೋಡಿಸಿದೆವು. ಸಿಗ್ನಲ್ ಚೆನ್ನಾಗಿತ್ತು. ಡೇಟಾ ಉಳಿದಿತ್ತು. ಎಪಿಎನ್ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ಸೆಟ್ಟಿಂಗ್ಸ್‌ನಲ್ಲಿದ್ದ ‘ಪ್ರೈವೇಟ್ ಡಿಎನ್‌ಎಸ್’. ಜಾಹೀರಾತು ಬರದಂತೆ ಮಾಡಲು ಇದನ್ನು ಬದಲಿಸಿ ಎಂಬ ಇನ್ನೊಂದು ಫಾರ್ವರ್ಡ್ ನೋಡಿ ಮನೆಯ ಹುಡುಗ ಅಲ್ಲಿ ಯಾವುದೋ ಹೆಸರು ಬರೆದಿದ್ದ, ಒಂದು ಅಕ್ಷರ ತಪ್ಪಾಗಿತ್ತು. ಡೈರೆಕ್ಟರಿ ಕಳೆದ ಕಂಪ್ಯೂಟರಿನ ಕಥೆಯೇ. ಅದನ್ನು ‘ಆಟೊಮ್ಯಾಟಿಕ್’ ಮಾಡಿದ ಮೇಲೆ ನೆಟ್ ಬಂತು.

ನೆಟ್ ಬಂದ ಮೇಲೆ ಅವರಿಂದ ಬಂದ ಮೊದಲ ಸಂದೇಶ ಧನ್ಯವಾದದ್ದಲ್ಲ. ‘ನಮ್ಮಪ್ಪ ಆ ಕೆಳಗಿನ ನಂಬರಿಗೆ ಫೋನ್ ಹಚ್ಚಿ ಅವ್ರು ಹೇಳಿದ್ದು ಒತ್ಯಾರಂತ್ರಿ. ಆಗಿಲ್ಲ ಅಂತ ಬಂತಂತ. ಏನ್ ಮಾಡ್ಲಿ?’ ನಾವು ತಕ್ಷಣ ##002# ಬರೆದು ಕಳಿಸಿದೆವು. ಅಪ್ಪನ ಫೋನಿನಲ್ಲಿ ಯಾವ ಫಾರ್ವರ್ಡಿಂಗೂ ಆಗಿರಲಿಲ್ಲ, ವಾಟ್ಸಾಪ್ ಅವರ ಕೈಯಲ್ಲೇ ಇತ್ತು. ಮರುದಿನ ಅವರು ಆ ಸಂದೇಶ ಬಂದಿದ್ದ ಮೂರು ಗುಂಪುಗಳಲ್ಲಿ, ಅದರ ಕೆಳಗೇ, ಒಂದು ಧ್ವನಿ ಸಂದೇಶ ಹಾಕಿದರು. ಅದನ್ನು ಎಷ್ಟು ಜನ ಮುಂದೆ ಕಳಿಸಿದ್ದಾರೆ ಎಂದು ಈಗಲೂ ಎಣಿಸುತ್ತಿದ್ದಾರೆ.